ಮೊದಲು ಕಿಟಕಿ ತೆಗೆ, ಆಮೇಲೆ ಬಣ್ಣ ಹೊಡಿ

ಪುಟ್ಟಿ,

ನೀನು ಕಟ್ಟುತ್ತಿರುವ ಜಾಗ್ವಾರ್ ಇ-ಟೈಪ್ ಪ್ಲಾಸ್ಟಿಕ್ ಮಾದರಿ ಕಾರಿನ ಬಾಡಿಯನ್ನು ಕಸದ ಬುಟ್ಟಿಗೆ ಹಾಕಿದ್ದರೆ ಮೊದಲು ಎದ್ದು ಹೋಗಿ ತೆಗೆದಿಡು. ಆಮೇಲೆ ಕೂತು ಇದನ್ನು ಓದು.

ನಿನ್ನೆ ನೀನು ಫೋನ್ ಕಟ್ ಮಾಡಿದ ಮೇಲೆ ಮತ್ತೆ ಮಾಡೋಣ ಅನ್ನಿಸಿತು. ಬೇಡ ಅಂತ ಸುಮ್ಮನಾದೆ. ಇಬ್ಬರ ದನಿಯೂ ಏರಿತ್ತು. ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನೀನು ಮುಂದಿನ ಮಾತಿಗೂ ಉತ್ತರ ಕೊಟ್ಟಿರುತ್ತೀಯ. ಬರೆದು ಕಳಿಸಿದರೆ ಪೂರ್ತಿ ಓದುತ್ತೀಯ. ಅದಕ್ಕೇ ಈ ಪತ್ರ.

ಆ ಕಿಟ್ ಮನೆಗೆ ಹೇಗೆ ಬಂತು, ಯಾಕೆ ಅರ್ಧಕ್ಕೆ ನಿಂತಿತು, ಹೊರಡುವ ದಿನ ನೀನು ಅದನ್ನು ಬಟ್ಟೆಗಳ ನಡುವೆ ಹೇಗೆ ಇಟ್ಟುಕೊಂಡೆ, ಇದನ್ನೆಲ್ಲ ನಾನು ಬರೆಯುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು. ನೀನು ಕಳಿಸಿದ ಫೋಟೋ ಬಗ್ಗೆ ಬರೆಯುತ್ತೇನೆ.

ನೀನು ತೋರಿಸಲು ಹೊರಟದ್ದು ಬಾನೆಟ್ ಮೇಲೆ ಎದ್ದ ಸುಕ್ಕು. ನನ್ನ ಕಣ್ಣಿಗೆ ಬಿದ್ದದ್ದು ಅದರ ಹಿಂದಿನ ಕಿಟಕಿ. ಮುಚ್ಚಿತ್ತು. ಕೆಳಗಿನ ಸಂದಿಗೆ ಬಟ್ಟೆ ಬೇರೆ ತುರುಕಿದ್ದೀಯ. ಧೂಳು ಬರಬಾರದು ಅಂತ, ಅಲ್ವಾ? ಮೇಜಿನ ಮೇಲೆ ಲ್ಯಾಕರ್, ಅದೇ ಆ ಬೇಗ ಒಣಗುವ ಬಣ್ಣದ ಸ್ಪ್ರೇ ಕ್ಯಾನ್ ಇದೆ. ಥಿನ್ನರ್ ಬಾಟಲಿಯ ಮುಚ್ಚಳ ಪಕ್ಕದಲ್ಲಿ ಬಿದ್ದಿದೆ. ಆ ನೀಲಿ ಬಟ್ಟೆಯ ಮಾಸ್ಕ್ ಮುಖದ ಮೇಲಿಲ್ಲ, ಅದೂ ಮೇಜಿನ ಮೇಲೇ ಇದೆ. ಫೋಟೋವನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಮೂಲೆಯಲ್ಲಿ ನಿನ್ನ ದಿಂಬು ಕಾಣಿಸುತ್ತಿದೆ. ಅಂದರೆ ನೀನು ಮಲಗುವುದೂ ಅದೇ ಕೋಣೆಯಲ್ಲಿ.

ಅದಕ್ಕೇ ಫೋನಿನಲ್ಲಿ ಮೊದಲು ಕಿಟಕಿಯ ಬಗ್ಗೆ ಕೇಳಿದೆ. "ಕಾರು ಹಾಳಾಯ್ತು ಅಂತ ಹೇಳ್ತಿದ್ದೀನಿ, ನೀನು ಕಿಟಕಿ ಕಿಟಕಿ ಅಂತೀಯಲ್ಲಮ್ಮಾ" ಅಂದೆ. ನೀನು ಅಳುವ ಹಾಗಿದ್ದೆ, ದನಿಯಲ್ಲೇ ಗೊತ್ತಾಯಿತು. ಮೊದಲು ಸಮಾಧಾನ ಹೇಳಬೇಕಿತ್ತು. ಕ್ಷಮಿಸು. ಆದರೆ ಕಿಟಕಿಯ ಮಾತು ಬಿಡುವುದಿಲ್ಲ ಕಣೇ. ಸದ್ಯಕ್ಕೆ ಕಾರಿನ ವಿಷಯ ಹೇಳಿ ಮುಗಿಸುತ್ತೇನೆ, ಇಲ್ಲದಿದ್ದರೆ ನಿನಗೆ ಓದಲು ಮನಸ್ಸೇ ಬರುವುದಿಲ್ಲ.

ಕಾರು ಹಾಳಾಗಿಲ್ಲ. ಸುಕ್ಕು ಬಂದಿರುವುದು ಬಣ್ಣಕ್ಕೆ. ಕೆಳಗಿನ ಪ್ಲಾಸ್ಟಿಕ್ ಚೆನ್ನಾಗಿಯೇ ಇರುತ್ತದೆ. ನೀನು ಮೊದಲು ಹಚ್ಚಿದ್ದು ಎನಾಮೆಲ್, ನಿಧಾನವಾಗಿ ಒಣಗುವ ಬಣ್ಣ. ಅದರ ಮೇಲೆ ಹೊಡೆದದ್ದು ಲ್ಯಾಕರ್. ಎನಾಮೆಲ್ ಮುಟ್ಟಿದರೆ ಒಣಗಿದ ಹಾಗಿರುತ್ತದೆ, ಆದರೆ ಒಳಗೆ ಗಟ್ಟಿಯಾಗಲು ಎಷ್ಟೋ ದಿನ ಬೇಕು, ಕೆಲವು ಸಲ ವಾರಗಳೇ ಬೇಕು. ಮೂಗಿನ ಹತ್ತಿರ ಹಿಡಿದಾಗ ಬಣ್ಣದ ವಾಸನೆ ಇನ್ನೂ ಬರುತ್ತಿದ್ದರೆ ಅದು ಒಣಗಿಲ್ಲ ಅಂತಲೇ ಲೆಕ್ಕ. ಲ್ಯಾಕರ್‌ನಲ್ಲಿರುವ ಥಿನ್ನರ್ ತುಂಬ ಜೋರು. ಅದು ಕೆಳಗಿನ ಪದರಕ್ಕೆ ಇಳಿದು ಅದನ್ನು ಉಬ್ಬಿಸುತ್ತದೆ. ಉಬ್ಬಿದ್ದು ಮೇಲೆದ್ದು ಸುಕ್ಕಾಗುತ್ತದೆ. ಚೆನ್ನಾಗಿ ಒಣಗಿದ ಲ್ಯಾಕರ್ ಮೇಲೆ ಎನಾಮೆಲ್ ಹೊಡೆಯಬಹುದು, ಎನಾಮೆಲ್ ಮೇಲೆ ಲ್ಯಾಕರ್ ಬೇಡ. ಇಷ್ಟೇ ವಿಷಯ. ನಿನಗೆ ಕೈ ಹಿಡಿತ ಇಲ್ಲ ಅಂತಲ್ಲ, ಈ ಕೆಲಸ ನಿನಗೆ ಬರೋದಿಲ್ಲ ಅಂತಲೂ ಅಲ್ಲ. ನಿನ್ನೆ ನೀನು ಹಾಗೆ ಅಂದದ್ದು ನನಗೆ ಸುಕ್ಕಿಗಿಂತ ಜಾಸ್ತಿ ಬೇಜಾರಾಯಿತು.

ಸುಕ್ಕಿನ ಮೇಲೇ ಇನ್ನೊಂದು ಕೋಟ್ ಹೊಡೆದು ಮುಚ್ಚೋಣ ಅಂತ ಮಾತ್ರ ಹೋಗಬೇಡ. ನಿಜವಾದ ಇ-ಟೈಪ್ ಉದ್ದ ಸುಮಾರು 4.45 ಮೀಟರ್. ನಿನ್ನ ಮಾದರಿ ಅದರ ಇಪ್ಪತ್ತನಾಲ್ಕರಲ್ಲಿ ಒಂದು ಪಾಲು (1/24), ಅದರಲ್ಲಿ ಅದು ಹದಿನೆಂಟೂವರೆ ಸೆಂಟಿಮೀಟರ್ ಆಗುತ್ತದೆ. ಗಾಡಿ ಚಿಕ್ಕದಾಯಿತು, ಆದರೆ ಬಣ್ಣದ ದಪ್ಪ ಅದರ ಜೊತೆ ಚಿಕ್ಕದಾಗುವುದಿಲ್ಲ. ಬಾನೆಟ್ ಮೇಲೆ ಗಾಳಿ ಆಡಲು ಸಾಲಾಗಿ ಸೀಳು ಕೊಟ್ಟಿದ್ದಾರಲ್ಲ, ಆ ಸೀಳುಗಳು ದಪ್ಪ ಬಣ್ಣದಲ್ಲಿ ಮುಚ್ಚಿಹೋಗುತ್ತವೆ. ಬಾಗಿಲಿನ ಗೆರೆಯೂ ತುಂಬಿಕೊಳ್ಳುತ್ತದೆ. ಆಮೇಲೆ ಎಷ್ಟು ಪಾಲಿಶ್ ಮಾಡಿದರೂ ಅದು ಸೋಪಿನಲ್ಲಿ ಕೆತ್ತಿದ ಕಾರಿನ ಹಾಗೇ ಕಾಣುತ್ತದೆ.

ಆದ್ದರಿಂದ ಬಣ್ಣ ಪೂರ್ತಿ ತೆಗಿ. ಐಸೊಪ್ರೊಪೈಲ್ ಆಲ್ಕೊಹಾಲ್ ಸಿಗುತ್ತದೆ. ಮುಚ್ಚಳ ಇರುವ ಡಬ್ಬಿಯಲ್ಲಿ ಬಾಡಿ ಮುಳುಗುವಷ್ಟು ಹಾಕಿ ನೆನೆಸು. ಆಮೇಲೆ ಹಳೇ ಹಲ್ಲುಜ್ಜುವ ಬ್ರಷ್ ತೆಗೆದುಕೊಂಡು ಮೆತ್ತಗೆ ಉಜ್ಜು. ಲ್ಯಾಕರ್ ಸಾಮಾನ್ಯವಾಗಿ ಬಿಡುತ್ತದೆ. ಎನಾಮೆಲ್ ಅಲ್ಲಲ್ಲಿ ಹಟ ಹಿಡಿಯಬಹುದು. ಹಟ ಹಿಡಿದ ಕಡೆ 600 ನಂಬರಿನ ಸ್ಯಾಂಡ್ ಪೇಪರನ್ನು ನೀರಿನಲ್ಲಿ ಅದ್ದಿ ತಿಕ್ಕು. ಬೇಗ ಆಗಲಿ ಅಂತ ಅಸಿಟೋನ್ ಆಗಲಿ ಲ್ಯಾಕರ್ ಥಿನ್ನರ್ ಆಗಲಿ ಹಾಕಿಬಿಟ್ಟೀಯ, ಪ್ಲಾಸ್ಟಿಕ್ಕೇ ಕರಗಿಹೋಗುತ್ತದೆ. ಗಾಜಿನ ಹಾಗಿರುವ ಪಾರದರ್ಶಕ ಪ್ಲಾಸ್ಟಿಕ್ ಭಾಗಗಳನ್ನು ಆಲ್ಕೊಹಾಲ್ ಹತ್ತಿರವೂ ತರಬೇಡ. ಹಾಂ, ಆಲ್ಕೊಹಾಲಿಗೂ ಬೇಗ ಬೆಂಕಿ ಹತ್ತುತ್ತದೆ, ಅದರ ಆವಿಯೂ ಒಳ್ಳೆಯದಲ್ಲ. ಇದನ್ನೂ ಕಿಟಕಿ ತೆರೆದೇ ಮಾಡಬೇಕು. ಒಲೆ ಹತ್ತಿರ ಬೇಡವೇ ಬೇಡ.

ನೋಡು, ಮತ್ತೆ ಕಿಟಕಿಗೇ ಬಂದೆ.

ಈ ಭಾನುವಾರದ ಪ್ರದರ್ಶನಕ್ಕೆ ಕಾರು ಮುಗಿಸಬೇಕು ಅನ್ನುವ ನಿನ್ನ ಅವಸರ ನನಗೆ ಅರ್ಥವಾಗುವುದಿಲ್ಲ ಅಂತ ತಿಳಿಯಬೇಡ. 77 ಆರ್‌ಡಬ್ಲ್ಯೂ ನಂಬರ್ ಪ್ಲೇಟಿನ ಇ-ಟೈಪ್ ಕಟ್ಟುವವರಿಗೆ ಅವಸರ ಬಂದರೆ ತಪ್ಪೇನಿಲ್ಲ. 1961ರ ಮಾರ್ಚ್‌ನಲ್ಲಿ ಜಿನೀವಾ ಮೋಟಾರ್ ಷೋನಲ್ಲಿ ಇ-ಟೈಪ್ ಕಾಣಿಸಿಕೊಂಡಾಗ ಅದರಲ್ಲಿ ಒಂದು ಸುತ್ತು ಹೋಗಲು ಜನ ಮುಗಿಬಿದ್ದರು. ಅಲ್ಲಿದ್ದ ಗಾಡಿ ಸಾಲದೆ, ಇನ್ನೊಂದನ್ನು ತನ್ನಿ ಅಂತ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿದ್ದ ಜಾಗ್ವಾರ್ ಕಾರ್ಖಾನೆಗೆ ಫೋನ್ ಹೋಯಿತು. ಟೆಸ್ಟ್ ಡ್ರೈವರ್ ನಾರ್ಮನ್ ಡ್ಯೂಯಿಸ್ ಈ ಹಸಿರು ಬಣ್ಣದ, ಛಾವಣಿ ತೆರೆಯುವ ರೋಡ್‌ಸ್ಟರ್ ಹತ್ತಿ ರಾತ್ರಿಯಿಡೀ ಓಡಿಸಿ ಮಾರನೇ ಬೆಳಿಗ್ಗೆ ಜಿನೀವಾ ಸೇರಿದರು. "ಅವರು ಒಂದು ರಾತ್ರೀಲಿ ದೇಶಗಳನ್ನೇ ದಾಟಿದರು, ನಾನು ಶನಿವಾರ ಭಾನುವಾರದಲ್ಲಿ ಬಣ್ಣ ಮುಗಿಸಬಾರದಾ" ಅಂತ ನೀನು ಕೇಳಿದೆ. ಚೆನ್ನಾಗಿ ಕೇಳಿದೆ. ನನಗೆ ಆಗ ಉತ್ತರ ಹೊಳೆಯಲಿಲ್ಲ, ಈಗ ಹೊಳೆದಿದೆ.

ಆ ರಾತ್ರಿ ಹೊರಡುವಾಗ ಗಾಡಿ ಸಿದ್ಧವಾಗಿತ್ತು ಪುಟ್ಟಿ. ಅದರ ಆಕಾರ ಮಾಡಿದ ಮಾಲ್ಕಮ್ ಸೇಯರ್ ವಿಮಾನದ ಕೆಲಸದಿಂದ ಬಂದವರು. ಕಣ್ಣಂದಾಜಿನಲ್ಲಿ ಗೆರೆ ಎಳೆಯದೆ, ಒಂದೊಂದು ತಿರುವನ್ನೂ ಲೆಕ್ಕ ಹಾಕಿ ಬಿಡಿಸುತ್ತಿದ್ದರು. ಅವರದೇ ರೇಸ್ ಕಾರು ಡಿ-ಟೈಪ್ 1955, 1956, 1957ರಲ್ಲಿ ಸಾಲಾಗಿ ಫ್ರಾನ್ಸಿನ ಲ ಮಾನ್ಸ್ ರೇಸ್ ಗೆದ್ದಿತ್ತು. ಅಲ್ಲಿ ಕಲಿತದ್ದು ಇ-ಟೈಪಿಗೆ ಬಂತು. ಇಷ್ಟೆಲ್ಲ ಆದ ಮೇಲೆ ಒಂದು ರಾತ್ರಿಯ ಓಟ. ನೀನು ಓಟದ ಕಥೆ ಹಿಡಿದುಕೊಂಡೆ, ಹಿಂದಿನ ವರ್ಷಗಳನ್ನು ಬಿಟ್ಟುಬಿಟ್ಟೆ. ನಿನ್ನ ಕೆಲಸದ ವಿಷಯದಲ್ಲೂ ಹೀಗೇ ಮಾಡುತ್ತೀಯ. ಸೇರಿ ಇನ್ನೂ ಎಷ್ಟು ದಿನ ಆಯಿತು? ಆಗಲೇ "ನಂಗೆ ಏನೂ ಬರಲ್ಲ, ಎಲ್ಲರೂ ಮುಂದೆ ಹೋಗ್ತಿದ್ದಾರೆ" ಅನ್ನುತ್ತೀಯ. ಹೊಸ ಕೆಲಸ ಕೈಗೆ ಹತ್ತಲು ಸಮಯ ಬೇಕು. ನಿದ್ದೆ ಬಿಟ್ಟರೆ ಬೇಗ ಹತ್ತುವುದಿಲ್ಲ. ನಡುರಾತ್ರಿವರೆಗೆ ಕಂಪ್ಯೂಟರ್ ಮುಂದೆ ಕೂತು, ಆಮೇಲೆ ಬಣ್ಣ ಹಿಡಿದು, ಆ ವಾಸನೆಯಲ್ಲೇ ಮಲಗಿ, ಬೆಳಿಗ್ಗೆ ತಲೆನೋವು ಅಂತ ಎದ್ದು... ಪಾಠ ಹೇಳಬಾರದು ಅಂತಲೇ ಬರೆಯಲು ಕೂತಿದ್ದೆ. ಇರಲಿ, ಬರೆದದ್ದನ್ನು ಹೊಡೆದುಹಾಕುವುದಿಲ್ಲ. ನಿನಗೆ ಇದನ್ನು ಯಾರಾದರೂ ಹೇಳಲೇಬೇಕು.

ಆ ತಲೆನೋವಿನ ಮಾತು. ಫೋನ್ ಇಡುವ ಮುಂಚೆ ನೀನು ಸುಮ್ನೆ ಹೇಳಿದ ಹಾಗೆ ಹೇಳಿದೆ, "ಬೆಳಿಗ್ಗೆಯಿಂದ ತಲೆ ಬೇರೆ ನೋಯ್ತಿದೆ" ಅಂತ. ನಾನು ರಾತ್ರಿಯೆಲ್ಲ ಅದನ್ನೇ ಯೋಚಿಸಿದೆ. ಮುಚ್ಚಿದ ಕೋಣೆಯಲ್ಲಿ ಲ್ಯಾಕರ್ ಹೊಡೆದರೆ ತಲೆನೋವು ಬರುತ್ತದೆ. ತಲೆ ಸುತ್ತು, ಓಕರಿಕೆಯೂ ಬರಬಹುದು. ತಿಂಗಳುಗಟ್ಟಲೆ ಆ ಆವಿ ಕುಡಿಯುತ್ತಿದ್ದರೆ ನರಗಳಿಗೇ ಪೆಟ್ಟು. "ಈಗ ವಾಸನೆ ಏನೂ ಬರ್ತಿಲ್ಲಮ್ಮಾ" ಅಂದೆ. ಅದರಿಂದಲೇ ನನಗೆ ಜಾಸ್ತಿ ಭಯವಾಯಿತು. ಸ್ವಲ್ಪ ಹೊತ್ತು ಕೂತರೆ ಮೂಗಿಗೆ ವಾಸನೆ ಅಭ್ಯಾಸವಾಗಿಬಿಡುತ್ತದೆ. ವಾಸನೆ ಗೊತ್ತಾಗುತ್ತಿಲ್ಲ ಅಂದ ಮಾತ್ರಕ್ಕೆ ಗಾಳಿ ಸರಿಯಾಗಿದೆ ಅಂತಲ್ಲ. ಈ ಆವಿ ಹೆಚ್ಚಾಗಿ ಗಾಳಿಗಿಂತ ಭಾರ, ಕೆಳಗೆ ಇಳಿದು ನೆಲದ ಹತ್ತಿರ ನಿಲ್ಲುತ್ತದೆ. ನೀನು ಹಾಸಿಗೆ ಹಾಸಿರುವುದೂ ನೆಲದ ಮೇಲೆ. ಇದನ್ನು ಬರೆಯುವಾಗಲೂ ನನಗೆ ಎದೆ ಹೊಡೆದುಕೊಳ್ಳುತ್ತಿದೆ.

ಆ ಬಟ್ಟೆಯ ಮಾಸ್ಕ್ ಧೂಳಿಗೆ ಸರಿ. ಆವಿಯನ್ನು ಅದು ತಡೆಯುವುದಿಲ್ಲ, ಹಾಕಿಕೊಂಡರೂ ಒಂದೇ ಬಿಟ್ಟರೂ ಒಂದೇ. ಎರಡು ಕಡೆ ಕಾರ್ಟ್ರಿಡ್ಜ್, ಅಂದರೆ ಆವಿ ಹೀರುವ ಡಬ್ಬಿ, ಇರುವ ರೆಸ್ಪಿರೇಟರ್ ಮಾಸ್ಕ್ ತೆಗೆದುಕೋ. ಅದರ ಮೇಲೆ ಇಂಥ ಬಣ್ಣ, ಥಿನ್ನರಿನ ಆವಿಗೆ ಹೇಳುವ ಹೆಸರಾದ ಆರ್ಗ್ಯಾನಿಕ್ ವೇಪರ್‌ಗೆ ಅಂತ ಬರೆದಿರಬೇಕು. ಮುಖಕ್ಕೆ ಬಿಗಿಯಾಗಿ ಕೂರಬೇಕು, ಪಕ್ಕದಿಂದ ಗಾಳಿ ಬರಬಾರದು. ಹಾಕಿಕೊಂಡ ಮೇಲೂ ಬಣ್ಣದ ವಾಸನೆ ಬಂದರೆ ಒಂದೋ ಸರಿಯಾಗಿ ಕೂತಿಲ್ಲ, ಇಲ್ಲ ಕಾರ್ಟ್ರಿಡ್ಜ್ ಮುಗಿದಿದೆ. ಮುಗಿದರೆ ಬದಲಾಯಿಸು, ಇನ್ನೊಂದು ಸಲಕ್ಕೆ ನಡೆಯುತ್ತೆ ಅನ್ನಬೇಡ.

ಧೂಳಿಗೆ ಏನು ಮಾಡಲಿ ಅಂತ ನೀನು ಕೇಳುತ್ತೀಯ. ನ್ಯಾಯವಾದ ಪ್ರಶ್ನೆ. ಹಸಿ ಬಣ್ಣದ ಮೇಲೆ ಒಂದು ಎಳೆ ಕೂತರೂ ಹಸಿರಿನಲ್ಲಿ ಎದ್ದು ಕಾಣುತ್ತದೆ. ಅದಕ್ಕೆ ಕಿಟಕಿ ಮುಚ್ಚಬೇಕಾಗಿಲ್ಲ. ಹೊಡೆಯುವ ಮುಂಚೆ ನೆಲ ಒದ್ದೆ ಬಟ್ಟೆಯಲ್ಲಿ ಒರೆಸು. ಉಣ್ಣೆ ಬಟ್ಟೆ ಹಾಕಿಕೊಳ್ಳಬೇಡ. ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬಿ ತೊಳೆದು ಒಣಗಿಸಿಟ್ಟಿರು. ಬಣ್ಣ ಹೊಡೆದ ತಕ್ಷಣ ಬಾಡಿಯ ಮೇಲೆ ಅದನ್ನು ಬೋರಲು ಹಾಕು. ಕಾರು ಡಬ್ಬಿಯೊಳಗೆ ಒಣಗಲಿ, ಕಿಟಕಿ ತೆರೆದಿರಲಿ, ನೀನು ಬೇರೆ ಕೋಣೆಯಲ್ಲಿರು. ಮಹಡಿಯ ಮೇಲೆ ಹೊಡೆಯಲು ಜಾಗವಿದ್ದರೆ ಇನ್ನೂ ಒಳ್ಳೆಯದು. ಗಾಳಿ ಜೋರಾಗಿದ್ದರೆ, ಮಳೆಯ ತೇವ ಇದ್ದರೆ ಅವತ್ತು ಬೇಡ. ತೇವದಲ್ಲಿ ಲ್ಯಾಕರ್ ಬೆಳ್ಳಗಾಗುತ್ತದೆ.

ಮಾಸ್ಕ್ ಬಂದ ಮೇಲೆ ಹೊಡೆಯುವ ಬಗೆ ಹೇಳುತ್ತೇನೆ. ಬಾಡಿಯನ್ನು ಸೋಪಿನ ನೀರಿನಲ್ಲಿ ತೊಳಿ, ಕೈಯ ಜಿಡ್ಡು ಹೋಗಲಿ. ಬಣ್ಣ ಹಿಡಿಯಲು ಮೊದಲು ಹೊಡೆಯುವ ಬೂದು ಪ್ರೈಮರ್ ತೆಳ್ಳಗೆ ಇರಲಿ. ಈ ಸಲ ಪ್ರೈಮರ್, ಬಣ್ಣ, ಕೊನೆಗೆ ಹೊಡೆಯುವ ಬಣ್ಣವಿಲ್ಲದ ಕ್ಲಿಯರ್ ಮೂರೂ ಲ್ಯಾಕರ್ರೇ ಇರಲಿ, ಒಂದೇ ಕಂಪನಿಯದಾದರೆ ಇನ್ನೂ ವಾಸಿ. ಕ್ಯಾನನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಹನಿ ಸಣ್ಣಗೆ ಬರುತ್ತದೆ. ಬಿಸಿನೀರು ಬೇಡ, ಕ್ಯಾನ್ ಒಡೆಯಬಹುದು. ಸ್ಪ್ರೇಯನ್ನು ಕಾರಿನ ಆಚೆಯೇ ಶುರುಮಾಡು, ಆಚೆಯೇ ನಿಲ್ಲಿಸು, ಕೈ ನಡುವೆ ನಿಲ್ಲಬಾರದು. ಮೊದಲ ಕೋಟ್ ಮಂಜು ಬಿದ್ದಷ್ಟೇ ಇರಲಿ, ಕೆಳಗಿನ ಬೂದು ಕಾಣುತ್ತಿರಬೇಕು. ಅಲ್ಲಿಗೆ ಕೈ ತಡೆಯಬೇಕು. ನಿನಗೆ ಕಷ್ಟ ಆಗುವುದು ಅಲ್ಲೇ.

ಆ ಫೋಟೋದಲ್ಲಿ ಇನ್ನೊಂದನ್ನೂ ನೋಡಿದೆ. ಪಕ್ಕದಲ್ಲಿ ಚಕ್ರಗಳನ್ನು ಒಣಗಲು ಇಟ್ಟಿದ್ದೀಯ. ಕ್ರೋಮ್ ಕಡ್ಡಿಗಳ ನಡುವೆ ನೀರಾದ ಕಪ್ಪು ಬಣ್ಣದ ವಾಷ್ ಬಿಟ್ಟು, ಮೇಲಿನದನ್ನು ಒರೆಸಿ, ಒಂದೊಂದು ಕಡ್ಡಿಯೂ ಬೇರೆ ಬೇರೆ ಕಾಣುವ ಹಾಗೆ ಮಾಡಿದ್ದೀಯ. ಅಂಟು ಹಾಕುವ ಕಡೆ ಕ್ರೋಮ್ ಕೆರೆದಿದ್ದೀಯ. ಯಾರು ಹೇಳಿಕೊಟ್ಟರು ನಿನಗೆ? ನಾನಂತೂ ಅಲ್ಲ. ಕ್ರೋಮ್ ಮೇಲೆ ಪ್ಲಾಸ್ಟಿಕ್ ಅಂಟು ಹಿಡಿಯುವುದಿಲ್ಲ ಅಂತ ನೀನೇ ಕಂಡುಕೊಂಡಿದ್ದೀಯ. ಮುಂದಿನ ಗಾಜಿಗೆ ಮೂರು ವೈಪರ್ ಇರುವುದನ್ನು ಹಳೇ ಫೋಟೋ ಹುಡುಕಿ ತೋರಿಸಿದ್ದೂ ನೀನೇ. ಇಷ್ಟು ಗಮನ ಇರುವವಳು "ನಂಗೆ ಬರಲ್ಲ" ಅಂದರೆ ನಾನು ಒಪ್ಪುವುದಿಲ್ಲ. ಆ ಚಕ್ರಗಳ ಫೋಟೋ ಮಾತ್ರ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಬಂದವರಿಗೆಲ್ಲ ತೋರಿಸುತ್ತಿದ್ದೇನೆ.

ಪ್ರದರ್ಶನಕ್ಕೆ ಈ ಭಾನುವಾರ ಕಾರು ಹೋಗುವುದಿಲ್ಲ. ಹೋಗದಿದ್ದರೆ ಬೇಡ. ಬೇಕಿದ್ದರೆ ಚಕ್ರಗಳನ್ನೂ ಎಂಜಿನ್ನನ್ನೂ ಮಾತ್ರ ತೆಗೆದುಕೊಂಡು ಹೋಗು. ಇ-ಟೈಪಿನ ಬಾನೆಟ್ ಇಡಿಯಾಗಿ ಮುಂದಕ್ಕೆ ಬಾಗಿ ತೆರೆದುಕೊಳ್ಳುವುದರಿಂದ ಎಂಜಿನ್ ಹೇಗೂ ಕಾಣಲೇಬೇಕಾದ ಭಾಗ. ನೋಡುವವರು ನೋಡುತ್ತಾರೆ.

ಇವತ್ತು ಸಂಜೆಯೇ ಕಿಟಕಿಯ ಸಂದಿಯ ಬಟ್ಟೆ ತೆಗಿ. ಥಿನ್ನರ್ ಬಾಟಲಿಗೆ ಮುಚ್ಚಳ ಹಾಕಿ ಕೋಣೆಯಿಂದ ಆಚೆ ಇಡು. ನಾಳೆಯೂ ತಲೆನೋವು ಇದ್ದರೆ ಡಾಕ್ಟರ ಹತ್ತಿರ ಹೋಗು, ಏನು ಬಣ್ಣ ಹೊಡೆಯುತ್ತಿದ್ದೆ ಅನ್ನುವುದನ್ನೂ ಅವರಿಗೆ ಹೇಳು. ಸಿಟ್ಟು ಇಳಿದಿದ್ದರೆ ಫೋನ್ ಮಾಡು. ಇಳಿದಿರದಿದ್ದರೂ ಪರವಾಗಿಲ್ಲ, ಮಾಸ್ಕ್ ತಗೊಂಡೆ ಅಂತ ಒಂದು ಮೆಸೇಜ್ ಹಾಕು. ಕಾರಿನ ಹಸಿರು ಬಣ್ಣದ ಮಾತು ಆಮೇಲೆ ಆಡೋಣ.

ಪ್ರೀತಿಯಿಂದ,
ಅಮ್ಮ