ಡಿಸ್ಕ್ ಬದಲಾಯಿಸಿ ಅಪ್ಪಾ, ವಿಂಡೋಸ್ ಎಲ್ಲಿಗೂ ಹೋಗಲ್ಲ

ಸ್ಟಟ್‌ಗಾರ್ಟ್
16 ನವೆಂಬರ್ 2025, ಭಾನುವಾರ

ತೀರ್ಥರೂಪು ಅಪ್ಪನಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಸಂಜೆ ಐದಕ್ಕೇ ಕತ್ತಲಾಗುತ್ತಿದೆ. ಅಮ್ಮ ಕೊಟ್ಟು ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿ ಅರ್ಧ ಬಾಟಲಿ ಉಳಿದಿದೆ. ದಿನಕ್ಕೆ ಒಂದೇ ಮಿಡಿ ಅಂತ ಲೆಕ್ಕ ಇಟ್ಟು ತಿನ್ನುತ್ತಿದ್ದೇವೆ.

ಬುಧವಾರ ಫೋನಿನಲ್ಲಿ ನೀವು ಹೇಳಿದ್ದು ಇನ್ನೂ ತಲೆಯಲ್ಲೇ ಇದೆ. ಲ್ಯಾಪ್‌ಟಾಪ್ ಒಳಗಿಂದ ಕಟಕಟ ಸದ್ದು ಬರುತ್ತೆ, ಆನ್ ಆಗೋಕೆ ಹತ್ತು ನಿಮಿಷ ಬೇಕು ಅಂದಿರಿ. ಹಾಗಿದ್ದರೂ ಹಾರ್ಡ್ ಡಿಸ್ಕ್ ಬದಲಾಯಿಸೋದು ಬೇಡ ಅಂದಿರಿ. ಡಿಸ್ಕ್ ಹೋದರೆ ವಿಂಡೋಸೂ ಹೋಗುತ್ತೆ, ಹೊಸ ಲೈಸೆನ್ಸ್ ತಗೋಬೇಕು, ಇಲ್ಲದಿದ್ದರೆ ಐನೂರು ರೂಪಾಯಿಗೆ ತಾನೇ ಒಂದು ಹಾಕಿಕೊಡ್ತೀನಿ ಅಂತ ರಿಪೇರಿ ಹುಡುಗ ಹೇಳಿದನಂತೆ. ಅಪ್ಪಾ, ಎರಡೂ ಬೇಡ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತೆ ಅಂತ ಬರೆದೇ ಕಳಿಸುತ್ತಿದ್ದೇನೆ. ತಮ್ಮ ಬಂದಾಗ ಅವನ ಕೈಗೂ ಈ ಕಾಗದ ಕೊಡಿ.

ನಿಮ್ಮ ಲೈಸೆನ್ಸ್ ಇರುವುದು ಹಾರ್ಡ್ ಡಿಸ್ಕ್‌ನಲ್ಲಿ ಅಲ್ಲ. ನೀವು ರಿಟೈರ್ ಆದ ವರ್ಷ, 2016ರಲ್ಲಿ, ಶಿವಮೊಗ್ಗದಿಂದ ತಂದ ಲ್ಯಾಪ್‌ಟಾಪ್ ಅದು. ವಿಂಡೋಸ್ 10 ಹಾಕಿಯೇ ಬಂದಿತ್ತು. ವಿಂಡೋಸ್ 7ರ ಕಾಲದಲ್ಲಿ ಲ್ಯಾಪ್‌ಟಾಪ್ ತಳದಲ್ಲಿ 25 ಅಕ್ಷರದ ಕೀ ಇರುವ ಸ್ಟಿಕ್ಕರ್ ಇರುತ್ತಿತ್ತು, ನೆನಪಿದೆಯಾ? 2012ರಲ್ಲಿ ವಿಂಡೋಸ್ 8 ಬಂದ ಮೇಲೆ ಲ್ಯಾಪ್‌ಟಾಪ್ ಮಾಡುವವರು ಆ ಕೀಯನ್ನು ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆಯ, ಅಂದರೆ ಮದರ್‌ಬೋರ್ಡ್‌ನ ಚಿಪ್‌ನಲ್ಲೇ ಬರೆದು ಕಳಿಸುತ್ತಾರೆ. ಅದರ ಜೊತೆಗೆ ನಿಮ್ಮ ಲ್ಯಾಪ್‌ಟಾಪ್‌ನ ಗುರುತು ಮೈಕ್ರೋಸಾಫ್ಟ್‌ನ ಸರ್ವರ್‌ನಲ್ಲಿ ದಾಖಲಾಗಿದೆ. ಇದಕ್ಕೆ ಡಿಜಿಟಲ್ ಲೈಸೆನ್ಸ್ ಅಂತಾರೆ. ಆ ಗುರುತಿನಲ್ಲಿ ಮದರ್‌ಬೋರ್ಡ್‌ದೇ ಮುಖ್ಯ ಪಾತ್ರ. ಡಿಸ್ಕ್ ಬದಲಾದರೂ, ರ‍್ಯಾಮ್ ಜಾಸ್ತಿ ಮಾಡಿಸಿದರೂ ಅದು ಅದೇ ಲ್ಯಾಪ್‌ಟಾಪ್. ಮನೆ ಖಾತೆ ಪಂಚಾಯ್ತಿ ಪುಸ್ತಕದಲ್ಲಿರುತ್ತೆ. ಮನೆಯೊಳಗಿನ ಬೀರು ಬದಲಾಯಿಸಿದರೆ ಖಾತೆ ಹೋಗುತ್ತಾ? ಮದರ್‌ಬೋರ್ಡೇ ಸುಟ್ಟುಹೋಗಿ ಬೇರೆ ಹಾಕಿಸಿದರೆ ಮಾತ್ರ ತೊಂದರೆ.

ಇದನ್ನು ಓದಿ ಹೇಳುತ್ತಿಲ್ಲ, ಮಾಡಿ ನೋಡಿಯೇ ಹೇಳುತ್ತಿದ್ದೇನೆ. ನನ್ನದೂ ಊರಿಂದ ತಂದ ಹಳೇ ಲ್ಯಾಪ್‌ಟಾಪ್ ಅಲ್ವಾ, ನಿನ್ನೆ ಅದರ ಡಿಸ್ಕ್ ಬದಲಾಯಿಸಿದೆ. ಒಂದು ಟಿಬಿಯ ಹೊಸ ಥರದ ಡಿಸ್ಕ್, ಅಂದರೆ ಎಸ್‌ಎಸ್‌ಡಿ, ಅದನ್ನು ಯುಎಸ್‌ಬಿಗೆ ಸಿಕ್ಕಿಸುವ ಒಂದು ಕೇಬಲ್, ಇಷ್ಟೇ ತಂದಿದ್ದು. ಬಿಟ್‌ಲಾಕರ್ ಅಂತ ಡಿಸ್ಕ್‌ಗೆ ಬೀಗ ಹಾಕುವ ವ್ಯವಸ್ಥೆ ಆನ್ ಇತ್ತು, ಅದನ್ನು ಮೊದಲು ಆಫ್ ಮಾಡಿದೆ. ಆಮೇಲೆ ಕ್ಲೋನ್ ಮಾಡುವ ಸಾಫ್ಟ್‌ವೇರ್ ಹಾಕಿ ಹಳೇ ಡಿಸ್ಕ್‌ನಲ್ಲಿದ್ದದ್ದೆಲ್ಲ ಹೊಸದಕ್ಕೆ ನಕಲು ಮಾಡೋಕೆ ಬಿಟ್ಟೆ. ಅನ್ನ ಸಾರು ಮಾಡಿ, ಊಟ ಮುಗಿಸಿ, ಪಾತ್ರೆ ತೊಳೆದು ಬರುವಷ್ಟರಲ್ಲಿ ಮುಗಿದಿತ್ತು.

ತಳದ ಮುಚ್ಚಳ ಬಿಚ್ಚುವಾಗ ಸ್ವಲ್ಪ ಕೈ ನಡುಗಿತು. ಹನ್ನೊಂದು ಸ್ಕ್ರೂ. ಎರಡು ಉದ್ದ, ಉಳಿದವು ಗಿಡ್ಡ. ಯಾವುದು ಎಲ್ಲಿಯದು ಅಂತ ಗೊತ್ತಾಗಲಿ ಅಂತ ಒಂದು ಕಾಗದದ ಮೇಲೆ ಲ್ಯಾಪ್‌ಟಾಪ್ ಚಿತ್ರ ಬರೆದು, ಒಂದೊಂದು ಸ್ಕ್ರೂವನ್ನೂ ಅದರ ಜಾಗದಲ್ಲೇ ಇಟ್ಟೆ. ಹಳೇ ಡಿಸ್ಕ್ ಕೈಗೆ ಭಾರ ಅನ್ನಿಸಿತು. ಅದರೊಳಗೆ ತಟ್ಟೆ ಇರುತ್ತೆ, ನಿಮಿಷಕ್ಕೆ 5,400 ಸುತ್ತು ತಿರುಗುತ್ತೆ, ಓದುವ ಮುಳ್ಳು ಅದರ ಮೇಲೆ ಓಡಾಡುತ್ತೆ. ನಿಮ್ಮ ಕಟಕಟ ಸದ್ದು ಬಹುಶಃ ಆ ಮುಳ್ಳಿನದೇ. ಹೊಸದರಲ್ಲಿ ತಿರುಗುವಂಥದ್ದು ಏನೂ ಇಲ್ಲ. ಅಂಗೈ ಮೇಲಿಟ್ಟರೆ ಖಾಲಿ ಡಬ್ಬಿಯ ಹಾಗೆ ಹಗುರ.

ಹೊಸದನ್ನು ಕೂರಿಸಿ ಆನ್ ಮಾಡಿದೆ. ಇಪ್ಪತ್ತು ಸೆಕೆಂಡಿನಲ್ಲಿ ನಮ್ಮ ಮನೆ ಅಂಗಳದ ಫೋಟೋ ಪರದೆ ಮೇಲೆ ಬಂತು. ನೇರ ಸೆಟ್ಟಿಂಗ್ಸ್‌ಗೆ ಹೋಗಿ ಆಕ್ಟಿವೇಶನ್ ತೆರೆದೆ. 'ವಿಂಡೋಸ್ ಈಸ್ ಆಕ್ಟಿವೇಟೆಡ್ ವಿತ್ ಎ ಡಿಜಿಟಲ್ ಲೈಸೆನ್ಸ್' ಅಂತಿತ್ತು. ಯಾವ ಕೀಯನ್ನೂ ಕೇಳಲಿಲ್ಲ, ಒಂದು ಪೈಸೆಯನ್ನೂ ಕೇಳಲಿಲ್ಲ.

ಫಾರ್ಮ್ಯಾಟ್ ಬೇಡ, ಕ್ಲೋನೇ ಮಾಡಿಸಿ ಅಂತ ನಾನು ಹಟ ಹಿಡಿಯುವುದಕ್ಕೆ ಕಾರಣ ನಿಮಗೇ ಗೊತ್ತು. ಅಜ್ಜಿಯ ಸೋಬಾನೆ ಪದಗಳು. ಹಳೇ ಕಂಪ್ಯೂಟರನ್ನು ಒಬ್ಬರು ನಮ್ಮನ್ನು ಕೇಳದೆ ಫಾರ್ಮ್ಯಾಟ್ ಮಾಡಿಕೊಟ್ಟಿದ್ದರಲ್ಲ, ಆ ದಿನ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಸಿ.ಡಿ.ಯಲ್ಲಿ ಇಟ್ಟಿದ್ದ ಫೈಲ್ ತೆರೆದರೆ ಕನ್ನಡದ ಒಂದು ಅಕ್ಷರ ಇಲ್ಲ. ಬರೀ ಇಂಗ್ಲಿಷ್ ಅಕ್ಷರಗಳು. ಒಂದರ ತಲೆ ಮೇಲೆ ಟೋಪಿ, ಇನ್ನೊಂದರ ಮೇಲೆ ಎರಡು ಚುಕ್ಕೆ. ನೀವು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದಿರಿ. ಆ ರಾತ್ರಿ ಊಟ ಮಾಡಲಿಲ್ಲ. ಫೈಲ್ ಸರಿಯಾಗೇ ಇತ್ತು, ಹೋಗಿದ್ದದ್ದು ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಫಾಂಟ್. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯೂನಿಕೋಡ್ ಅಕ್ಷರ ವ್ಯವಸ್ಥೆಗಿಂತ ಮುಂಚಿನ ನುಡಿ ಫೈಲುಗಳು ಹಾಗೇ, ಆ ಫಾಂಟ್ ಇಲ್ಲದಿದ್ದರೆ ಕನ್ನಡ ಕಾಣುವುದೇ ಇಲ್ಲ. ತಮ್ಮ ನುಡಿ ತಂದು ಹಾಕಿದ ಮೇಲೆ ಅಜ್ಜಿಯ ಹಾಡು ಮತ್ತೆ ಕಾಣಿಸಿತು. ಕ್ಲೋನ್ ಮಾಡಿದರೆ ಫಾಂಟು, ನುಡಿ, ಪ್ರಿಂಟರ್ ಸೆಟ್ಟಿಂಗು, ಡೆಸ್ಕ್‌ಟಾಪ್ ಮೇಲೆ ನೀವು ಜೋಡಿಸಿಟ್ಟ ಫೋಲ್ಡರುಗಳು, ಎಲ್ಲ ಇದ್ದ ಹಾಗೇ ಹೊಸ ಡಿಸ್ಕ್‌ಗೆ ಬರುತ್ತವೆ.

ಹಾಡಿನ ಫೋಲ್ಡರನ್ನು ಮಾತ್ರ ಇವತ್ತೇ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ತಮ್ಮ ಬರುವವರೆಗೆ ಕಾಯಬೇಡಿ. ಸದ್ದು ಮಾಡುವ ಡಿಸ್ಕ್ ಯಾವತ್ತು ನಿಲ್ಲುತ್ತೆ ಅಂತ ಹೇಳೋಕಾಗಲ್ಲ. ಕ್ಲೋನ್ ಮಾಡುವಾಗ ಅರ್ಧಕ್ಕೇ ನಿಲ್ಲಲೂಬಹುದು. ಹಾಗಾದರೂ ಹೆದರಬೇಡಿ, ಹೊಸ ಡಿಸ್ಕ್‌ಗೆ ವಿಂಡೋಸ್ 10 ಹೊಸದಾಗಿ ಹಾಕಬಹುದು. ನಿಮ್ಮದು ಹೋಮ್, ಅದನ್ನೇ ಹಾಕಬೇಕು. ಪ್ರೊ ಹಾಕಿದರೆ ಲೈಸೆನ್ಸ್ ಹೊಂದುವುದಿಲ್ಲ. ಕೀಯನ್ನು ಚಿಪ್‌ನಿಂದ ಅದೇ ಓದಿಕೊಳ್ಳುತ್ತೆ. ಆಮೇಲೆ ನುಡಿ ಹಾಕೋದು ಮರೆಯಬಾರದು, ಅಷ್ಟೇ.

ತಮ್ಮನಿಗೆ ಎರಡು ಮಾತು. ನಿಮ್ಮ ಡಿಸ್ಕ್ ಒಂದು ಟಿಬಿ. 500 ಜಿಬಿಯ ಎಸ್‌ಎಸ್‌ಡಿ ತಂದರೆ ಮೊದಲು ಹಳೇ ಡಿಸ್ಕ್‌ನ ಪಾರ್ಟಿಷನ್, ಅಂದರೆ ಡಿಸ್ಕ್ ಒಳಗೆ ಮಾಡಿರುವ ಭಾಗ, ಕುಗ್ಗಿಸಬೇಕಾಗುತ್ತೆ. ನಿಮ್ಮ ಫೈಲುಗಳೆಲ್ಲ ಸೇರಿ 90 ಜಿಬಿಯೂ ಇಲ್ಲ, ಹಾಗಾಗಿ ಚಿಕ್ಕದೇ ಸಾಕು. ಕ್ಲೋನ್ ಆದ ಮೇಲೆ ಎರಡೂ ಡಿಸ್ಕ್ ಒಟ್ಟಿಗೆ ಸಿಕ್ಕಿಸಿ ಆನ್ ಮಾಡಬಾರದು. ಎರಡಕ್ಕೂ ಒಂದೇ ಗುರುತು ಇರುವುದರಿಂದ ವಿಂಡೋಸ್‌ಗೆ ಗೊಂದಲ. ಹಳೇದನ್ನು ತೆಗೆದು, ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಡಲಿ. ಒಂದೆರಡು ತಿಂಗಳು ಅದನ್ನು ಅಳಿಸುವುದು ಬೇಡ.

ಐನೂರು ರೂಪಾಯಿಯ ವಿಂಡೋಸ್ ಬೇಡ ಅಂದೆನಲ್ಲ. ಕದ್ದ ವಿಂಡೋಸ್ ಓಡಿಸೋಕೆ ಕ್ರ್ಯಾಕ್ ಅಂತ ಲೈಸೆನ್ಸ್ ಪರೀಕ್ಷೆ ತಪ್ಪಿಸುವ ಪ್ರೋಗ್ರಾಂ ಹಾಕುತ್ತಾರೆ, ಅದಕ್ಕೆ ಆಂಟಿವೈರಸ್ ಆಫ್ ಮಾಡುತ್ತಾರೆ. ನಿಮ್ಮ ಪೆನ್ಷನ್ ಖಾತೆ ನೋಡುವುದು ಅದೇ ಲ್ಯಾಪ್‌ಟಾಪ್‌ನಲ್ಲಿ. ದುಡ್ಡು ಕೊಟ್ಟು ತಗೊಂಡ ಲೈಸೆನ್ಸ್ ನಿಮ್ಮ ಹತ್ತಿರವೇ ಇರುವಾಗ ಅದು ಯಾಕೆ ಬೇಕು?

ಚಿಕ್ಕಪ್ಪನೂ ಅಂಗಡಿ ಕಂಪ್ಯೂಟರಿಗೆ ಹೊಸ ಡಿಸ್ಕ್ ಹಾಕಿಸಬೇಕು ಅನ್ನುತ್ತಿದ್ದರಲ್ಲ. ಅವರಿಗೆ ಇದನ್ನು ಮರೆಯದೆ ಹೇಳಿ. ವಿಂಡೋಸ್ ಥರ ಅಲ್ಲ ಅವರು ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್. ಡಿಸ್ಕ್ ಬದಲಾಯಿಸುವ ಮುಂಚೆ ಟ್ಯಾಲಿ ತೆರೆದು, ಇಂಟರ್ನೆಟ್ ಇರುವಾಗಲೇ ಲೈಸೆನ್ಸ್ ಸರೆಂಡರ್ ಮಾಡಬೇಕು, ಅಂದರೆ ಕಂಪನಿಗೆ ವಾಪಸ್ ಒಪ್ಪಿಸಬೇಕು. ಹೊಸ ಡಿಸ್ಕ್ ಬಂದ ಮೇಲೆ ಮತ್ತೆ ಆಕ್ಟಿವೇಟ್ ಮಾಡಿಕೊಳ್ಳಬೇಕು. ಡೇಟಾ ಬ್ಯಾಕಪ್ ಬೇರೆ ತೆಗೆದಿಟ್ಟುಕೊಳ್ಳಲಿ.

ಇಲ್ಲಿ ಜರ್ಮನಿಯಲ್ಲಿ ಲೈಸೆನ್ಸ್ ವಿಷಯವೇ ಬೇರೆ ಥರ. ಕಂಪ್ಯೂಟರ್ ಜೊತೆ ಬಂದ ವಿಂಡೋಸನ್ನು ಕಂಪ್ಯೂಟರ್ ಇಲ್ಲದೆಯೂ ಮಾರಬಹುದು ಅಂತ ಇಲ್ಲಿನ ಫೆಡರಲ್ ಕೋರ್ಟ್ 2000ದಲ್ಲೇ ಹೇಳಿತು. 2012ರಲ್ಲಿ ಯುರೋಪಿನ ಕೋರ್ಟ್ ಕೂಡ, ಕೊಂಡ ಸಾಫ್ಟ್‌ವೇರ್ ಲೈಸೆನ್ಸನ್ನು ಇನ್ನೊಬ್ಬರಿಗೆ ಮಾರಬಹುದು ಅಂತ ತೀರ್ಪು ಕೊಟ್ಟಿತು. ದುಡ್ಡು ಕೊಟ್ಟವನ ಕೈಗೆ ಹಕ್ಕು ಬರಬೇಕು ಅನ್ನುವ ಈ ಮಾತು ನನಗೆ ಸರಿ ಅನ್ನಿಸುತ್ತೆ.

ಇನ್ನೊಂದು. ವಿಂಡೋಸ್ 10ಕ್ಕೆ ಅಕ್ಟೋಬರ್ 14ರಿಂದ ಮಾಮೂಲಿ ಅಪ್‌ಡೇಟ್ ನಿಂತಿದೆ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗಿ, ಬ್ಯಾಕಪ್ ಆನ್ ಮಾಡಿ, ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತೆಯ ಅಪ್‌ಡೇಟ್ ಪುಕ್ಕಟೆ ಸಿಗುತ್ತೆ. ತಮ್ಮ ಅದನ್ನೂ ಅವತ್ತೇ ಮಾಡಿಬಿಡಲಿ. ಅಷ್ಟರೊಳಗೆ ನಾನೇ ಬಂದಿರುತ್ತೇನೆ.

ಅಮ್ಮನ ಮಂಡಿ ನೋವು ಹೇಗಿದೆ ಅಂತ ತಿಳಿಸಿ. ಮುಂದಿನ ಭಾನುವಾರ ತಮ್ಮ ಲ್ಯಾಪ್‌ಟಾಪ್ ಬಿಚ್ಚುವಾಗ ವಿಡಿಯೋ ಕಾಲ್ ಮಾಡಿ, ನಿಮ್ಮ ಮಧ್ಯಾಹ್ನದ ಊಟ ಆದ ಮೇಲೆ. ಇಲ್ಲಿ ಆಗ ಬೆಳಿಗ್ಗೆ, ನಾನು ಎದ್ದಿರುತ್ತೇನೆ. ಹೊಸ ಡಿಸ್ಕ್‌ನಲ್ಲಿ ಮೊದಲು ಅಜ್ಜಿಯ ಫೈಲ್ ತೆರೆಯಿರಿ. ನೀವು ಒಂದು ಪದ ಜೋರಾಗಿ ಓದಿ, ನಾನು ಇಲ್ಲಿಂದ ಕೇಳುತ್ತೇನೆ.

ಅಮ್ಮನಿಗೆ ನಮಸ್ಕಾರ.

ನಿಮ್ಮ ಮಗಳು