ಲೇ-ಆಫ್ ಬೇರೆ, ರಿಟ್ರೆಂಚ್‌ಮೆಂಟ್ ಬೇರೆ

ಮಾನ್ಯ ಸಂಪಾದಕರೇ,

ಬಿ.ಕಾಂ., ಬಿಬಿಎ ಮುಗಿಸಿ ಎಚ್‌ಆರ್ (ಮಾನವ ಸಂಪನ್ಮೂಲ) ಕೆಲಸಕ್ಕಾಗಿ, ಅಮೆರಿಕದ ಸಂಸ್ಥೆಯೊಂದು ಪ್ರಮಾಣಪತ್ರಕ್ಕೆಂದು ನಡೆಸುವ ಎಪಿಎಚ್‌ಆರ್‌ನಂಥ ಆರಂಭಿಕ ಹಂತದ ಪರೀಕ್ಷೆ ಕಟ್ಟುವ ದಾವಣಗೆರೆ, ಹರಿಹರದ ಮಕ್ಕಳಿಗಾಗಿ ಈ ಪತ್ರ. ಕೆಲಸದ ಅನುಭವ ಇಲ್ಲದವರೂ ಬರೆಯಬಹುದಾದ ಪರೀಕ್ಷೆ ಅದು. ಆದರೆ ಪದಗಳ ಪಟ್ಟಿಯನ್ನು ಉರುಹೊಡೆದು ಹೋದರೆ ಸಾಲದು. ಒಂದರಂತೆಯೇ ಕಾಣುವ ಎರಡು ಪದಗಳನ್ನು ಬೇರ್ಪಡಿಸುವ ಕಡೆ ಮಕ್ಕಳು ಎಡವುತ್ತಾರೆ.

ಲೇ-ಆಫ್ ಮತ್ತು ರಿಟ್ರೆಂಚ್‌ಮೆಂಟ್ ಅಂಥದೊಂದು ಜೋಡಿ. ಹತ್ತಿ ಗಿರಣಿಗಳಿಂದ ಹೆಸರಾದ ಊರಿನವರಿಗೆ ಇದು ಚೆನ್ನಾಗಿ ಗೊತ್ತಿರಬೇಕು. ಗಿರಣಿಗೆ ಹತ್ತಿ ಬಂದಿಲ್ಲ, ಕರೆಂಟಿಲ್ಲ, ಇಲ್ಲವೇ ಯಂತ್ರ ಕೆಟ್ಟಿದೆ. ಮಸ್ಟರ್ ರೋಲ್‌ನಲ್ಲಿ (ಹಾಜರಿ ಪಟ್ಟಿಯಲ್ಲಿ) ಹೆಸರಿರುವ ಕಾರ್ಮಿಕನಿಗೆ ಕೆಲಸ ಕೊಡಲಾಗುತ್ತಿಲ್ಲ. ಇದು ಲೇ-ಆಫ್. ನೌಕರಿ ಹಾಗೆಯೇ ಇರುತ್ತದೆ. ಅರ್ಹ ಕಾರ್ಮಿಕನಿಗೆ ಮೂಲವೇತನ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟು ಪರಿಹಾರ ಸಿಗಬೇಕು. ರಿಟ್ರೆಂಚ್‌ಮೆಂಟ್‌ನಲ್ಲಿ ನೌಕರಿಯೇ ಹೋಗುತ್ತದೆ. ಅಲ್ಲಿ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನ. ಅಮೆರಿಕದಲ್ಲಿ ಮಾತ್ರ ಲೇ-ಆಫ್ ಎಂದರೆ ಸಾಮಾನ್ಯವಾಗಿ ಕೆಲಸ ಹೋಯಿತೆಂದೇ ಅರ್ಥ. ಐಟಿ ಸುದ್ದಿಗಳಲ್ಲಿ ಪತ್ರಿಕೆಗಳು ಅದನ್ನೇ ಬಳಸುವುದರಿಂದ ಗೊಂದಲ ಹೆಚ್ಚುತ್ತದೆ.

ಎಪಿಎಚ್‌ಆರ್ ಅಮೆರಿಕದ ಕಾನೂನನ್ನು ಕೇಳುತ್ತದೆ. ಹೊರದೇಶದವರಿಗೆಂದು ಎಪಿಎಚ್‌ಆರ್‌ಐ ಎಂಬ ಬೇರೆ ಪರೀಕ್ಷೆಯಿದೆ. ಶುಲ್ಕ ಕಟ್ಟುವ ಮೊದಲೇ ಯಾವುದು ಬೇಕೆಂದು ನೋಡಿಕೊಳ್ಳಿ. ಅಮೆರಿಕದ ಪುಸ್ತಕದಲ್ಲಿ 'ಎಕ್ಸೆಂಪ್ಟ್' ಎಂದರೆ ತೆರಿಗೆ ವಿನಾಯಿತಿ ಅಲ್ಲ, ಓವರ್‌ಟೈಮ್ ಹಕ್ಕಿಲ್ಲದ ನೌಕರ. ನಾನ್-ಎಕ್ಸೆಂಪ್ಟ್ ಆದವನಿಗೆ ಅಲ್ಲಿನ 1938ರ ಕಾನೂನಿನಂತೆ ವಾರಕ್ಕೆ 40 ಗಂಟೆ ಮೀರಿದರೆ ಒಂದೂವರೆ ಪಟ್ಟು ವೇತನ. ನಮ್ಮ ಕಾರ್ಖಾನೆಗಳಲ್ಲಿ ಓವರ್‌ಟೈಮ್‌ಗೆ ಎರಡು ಪಟ್ಟು.

ಇನ್ನು ಲೆಕ್ಕದ ಪದಗಳು. ಅಟ್ರಿಷನ್ ದರ, ಅಂದರೆ ವರ್ಷದಲ್ಲಿ ಕೆಲಸ ಬಿಟ್ಟುಹೋದವರ ಶೇಕಡಾ ಪ್ರಮಾಣ, ಕೇಳಿದರೆ ಬಿಟ್ಟುಹೋದವರನ್ನು ವರ್ಷಾರಂಭದ ಸಂಖ್ಯೆಯಿಂದ ಭಾಗಿಸಿಬಿಡುತ್ತಾರೆ. ಭಾಗಿಸಬೇಕಾದ್ದು ಸರಾಸರಿಯಿಂದ. ಆರಂಭದಲ್ಲಿ 120, ಕೊನೆಗೆ 100 ಜನ, ಬಿಟ್ಟವರು 22 ಎಂದಾದರೆ ಸರಾಸರಿ 110, ದರ ಶೇ 20. ಆರಂಭದ ಸಂಖ್ಯೆ ಹಿಡಿದರೆ ಶೇ 18.33 ಬಂದು ಉತ್ತರ ತಪ್ಪುತ್ತದೆ.

ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಸಿಗುವ ಇಡಿಗಂಟು ಗ್ರಾಚ್ಯುಟಿ. ಅದರಲ್ಲಿ ಆಗುವ ತಪ್ಪು ಇನ್ನೂ ದುಬಾರಿ. ಮಾಸಿಕ ವೇತನದವರಿಗೆ ಸೂತ್ರ ಹೀಗೆ: ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸುವುದು. ವಾರದ ರಜೆ ಕಳೆದು ಉಳಿಯುವ ದಿನಗಳೇ ಆ 26. ವೇತನ ₹15,600, ಸೇವೆ 6 ವರ್ಷ 8 ತಿಂಗಳು ಎನ್ನಿ. ಆರು ತಿಂಗಳು ಮೀರಿದ್ದರಿಂದ 7 ವರ್ಷವೆಂದೇ ಲೆಕ್ಕ, ₹63,000 ಬರುತ್ತದೆ. 30ರಿಂದ ಭಾಗಿಸಿದರೆ ₹54,600. ಪರೀಕ್ಷೆಯಲ್ಲಾದರೆ ಒಂದು ಅಂಕ ಹೋದೀತು. ನಾಳೆ ಕಚೇರಿಯಲ್ಲಿ ಇದೇ ತಪ್ಪಾದರೆ ಒಬ್ಬ ಕಾರ್ಮಿಕನ ₹8,400 ಹೋಗುತ್ತದೆ.

ಹಳೆಯ ನೋಟ್ಸ್ ನಂಬುವವರು ಇನ್ನೊಂದನ್ನು ಗಮನಿಸಬೇಕು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಾಗಿ 'ವೇತನ' ಎಂಬ ಪದದ ಅರ್ಥವೇ ಬದಲಾಗಿದೆ. ವೇತನದ ಲೆಕ್ಕದಿಂದ ಹೊರಗಿಡುವ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧ ಮೀರಿದರೆ, ಮೀರಿದಷ್ಟು ವೇತನಕ್ಕೆ ಸೇರುತ್ತದೆ. ₹30,000ದಲ್ಲಿ ಬೇಸಿಕ್ (ಮೂಲವೇತನ) ಮತ್ತು ಡಿಎ (ತುಟ್ಟಿಭತ್ಯೆ) ₹10,000, ಅಂಥ ಭತ್ಯೆ ₹20,000 ಇದ್ದರೆ, ₹5,000 ಈಚೆ ಬಂದು ವೇತನ ₹15,000 ಆಗುತ್ತದೆ. ನಿಗದಿತ ಅವಧಿಯ ನೌಕರರಿಗೆ ಗ್ರಾಚ್ಯುಟಿಗೆ ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷ ಸಾಕು.

ಜಾಬ್ ಡಿಸ್ಕ್ರಿಪ್ಷನ್ ಕೆಲಸದ ಬಗ್ಗೆ, ಜಾಬ್ ಸ್ಪೆಸಿಫಿಕೇಷನ್ ಆ ಕೆಲಸಕ್ಕೆ ಬೇಕಾದ ವ್ಯಕ್ತಿಯ ಬಗ್ಗೆ. ಇಷ್ಟು ನೆನಪಿದ್ದರೆ ಆ ಜೋಡಿ ತೊಡಕಾಗದು.

ಕಾಲೇಜುಗಳಲ್ಲಿ ಈ ಪದಗಳನ್ನು ಒಂದು ನಿಜವಾದ ಪೇ ಸ್ಲಿಪ್ ಮುಂದಿಟ್ಟುಕೊಂಡು, ಕನ್ನಡದಲ್ಲೇ ಬಿಡಿಸಿ ಹೇಳಬೇಕು. ತಮ್ಮ ಪತ್ರಿಕೆಯ ಶಿಕ್ಷಣ ಪುಟದಲ್ಲಿ ವಾರಕ್ಕೊಂದು ಜೋಡಿಯನ್ನು ಲೆಕ್ಕದ ಸಮೇತ ಪ್ರಕಟಿಸಬೇಕೆಂದು ಕೋರುತ್ತೇನೆ.

– ವಾಣಿಜ್ಯ ಉಪನ್ಯಾಸಕ, ವಿದ್ಯಾನಗರ, ದಾವಣಗೆರೆ