ಏರ್‌ಬ್ಯಾಗಿನ ಮುಚ್ಚಳಕ್ಕೆ ಬಣ್ಣ ಬೇಡ

ಮಾನ್ಯ ಸಂಪಾದಕರೇ,

ಮಳೆ ಬಿಟ್ಟ ಕೂಡಲೇ ನಮ್ಮ ಕಾಸರಗೋಡು ಕಡೆ ಹಳೆ ಕಾರುಗಳನ್ನು ಚಂದ ಮಾಡುವ ಕೆಲಸ ಶುರುವಾಗುತ್ತದೆ. ಹೊರಗೆ ಮಾತ್ರ ಅಲ್ಲ, ಒಳಗಿನ ಡ್ಯಾಶ್‌ಬೋರ್ಡ್, ಡೋರ್ ಪ್ಯಾಡ್, ಗೇರಿನ ಸುತ್ತಲಿನ ಪ್ಲಾಸ್ಟಿಕ್, ಎಲ್ಲದಕ್ಕೂ ಬಣ್ಣ ಹೊಡೆಸುತ್ತಾರೆ. ಬೇಡ ಅಂತ ನಾನು ಹೇಳುವುದಿಲ್ಲ. ಬದಿಯಡ್ಕದ ನಮ್ಮ ಮನೆ ಅಂಗಳದಲ್ಲಿ ನಾನೇ ನಮ್ಮ ಕಾರಿನ ನಾಲ್ಕು ಡೋರ್ ಪ್ಯಾಡಿಗೂ ಬಣ್ಣ ಹೊಡೆದಿದ್ದೇನೆ, ಎರಡು ಮಳೆಗಾಲ ಕಳೆದರೂ ಎದ್ದಿಲ್ಲ.

ಆದರೆ ಕಳೆದ ತಿಂಗಳು ಭಾವ ತಂದ ಸೆಕೆಂಡ್ ಹ್ಯಾಂಡ್ ಕಾರು ನೋಡಿ ಎದೆ ಧಸಕ್ಕೆಂದಿತು. ಮಾರುವ ಮೊದಲು ಯಾರೋ ಡ್ಯಾಶ್‌ಬೋರ್ಡಿಗೆ ಪೂರ್ತಿ ಹೊಳೆಯುವ ಕಪ್ಪು ಹೊಡೆಸಿದ್ದರು. ಎಡಗಡೆ ಸೀಟಿನ ಎದುರು ಏರ್‌ಬ್ಯಾಗ್ ಇರುತ್ತದಲ್ವಾ, ಅದರ ಮುಚ್ಚಳಕ್ಕೂ. ಮುಚ್ಚಳದ ಗೀಟು ಕಾಣದ ಹಾಗೆ ಪುಟ್ಟಿ ತುಂಬಿಸಿ, ಮೇಲಿಂದ ಬಣ್ಣ. ಅಕ್ಕ ಮಗುವನ್ನು ಹಿಂದೆ ಮಲಗಿಸಿ ದಿನಾ ಕೂರುವುದು ಆ ಸೀಟಿನಲ್ಲೇ.

ಆ ಗೀಟು ಚಂದಕ್ಕೆ ಇಟ್ಟದ್ದಲ್ಲ. ಕಾರು ಗುದ್ದಿದಾಗ ಕಣ್ಣು ಮಿಟುಕಿಸುವಷ್ಟರೊಳಗೆ ಬ್ಯಾಗ್ ಉಬ್ಬಿ ಹೊರಗೆ ಬರಬೇಕು, ಅದಕ್ಕಾಗಿ ಅಲ್ಲೇ ಹರಿಯಲಿ ಅಂತ ಪ್ಲಾಸ್ಟಿಕ್ಕನ್ನು ತೆಳ್ಳಗೆ ಮಾಡಿರುತ್ತಾರೆ. ಕೆಲವು ಕಾರುಗಳಲ್ಲಿ ತೆಳ್ಳಗೆ ಮಾಡಿರುವುದು ಒಳಗಿನ ಮಗ್ಗುಲಲ್ಲಿ, ಹೊರಗೆ ಏನೂ ಕಾಣುವುದಿಲ್ಲ. ಅದರ ಮೇಲೆ ಪುಟ್ಟಿ, ಪ್ರೈಮರ್, ಬಣ್ಣ ದಪ್ಪಗೆ ಕೂತರೆ ಹರಿಯುವ ರೀತಿಯೇ ಬದಲಾಗಬಹುದು, ಒಣಗಿ ಗಟ್ಟಿಯಾದ ಚೂರುಗಳು ಮುಖಕ್ಕೆ ಹಾರಬಹುದು. ಮೊದಲು ಎಷ್ಟೋ ಕಾರುಗಳಲ್ಲಿ ಏರ್‌ಬ್ಯಾಗೇ ಇರಲಿಲ್ಲ, ಇಡೀ ಡ್ಯಾಶ್‌ಬೋರ್ಡಿಗೆ ಬಣ್ಣ ಹೊಡೆಯುವ ಅಭ್ಯಾಸ ಆಗಿನದ್ದೇ ಇರಬೇಕು. ಈಗ ಹಾಗಲ್ಲ. ಹೊಸ ಕಾರುಗಳಿಗೆ 2019ರ ಜುಲೈಯಿಂದ ಚಾಲಕನ ಕಡೆ, 2021ರಿಂದ ಪಕ್ಕದ ಸೀಟಿಗೂ ಏರ್‌ಬ್ಯಾಗ್ ಕಡ್ಡಾಯ. ಆ ಕಾರುಗಳೇ ಈಗ ಸೆಕೆಂಡ್ ಹ್ಯಾಂಡಿಗೆ ಬರುತ್ತಿವೆ. ಸ್ಟೀರಿಂಗಿನ ನಡು, ಡ್ಯಾಶ್‌ಬೋರ್ಡಿನ ಎಡಗಡೆ, ಮತ್ತೆ ಬಾಗಿಲ ಪಕ್ಕದ ಕಂಬದ ಪ್ಲಾಸ್ಟಿಕ್ಕಿನಲ್ಲಿ ಏರ್‌ಬ್ಯಾಗ್ ಅಂತ ಬರೆದಿದ್ದರೆ ಅದನ್ನು ಬಿಟ್ಟುಬಿಡಿ.

ಉಳಿದ ಕಡೆ ಧಾರಾಳವಾಗಿ ಹೊಡೆಯಿರಿ, ಆದರೆ ಅವಸರ ಬೇಡ. ಬಣ್ಣ ಏಳುವುದಕ್ಕೆ ನಾನು ಕಂಡ ದೊಡ್ಡ ಕಾರಣ ನಾವೇ ವರ್ಷಗಟ್ಟಲೆ ಉಜ್ಜಿದ ಡ್ಯಾಶ್‌ಬೋರ್ಡ್ ಪಾಲಿಶ್. ಅದರಲ್ಲಿ ಸಿಲಿಕೋನ್ ಇದ್ದರೆ ಬಣ್ಣ ಅಲ್ಲಲ್ಲಿ ಹಿಂದೆ ಸರಿದು ಮೀನಿನ ಕಣ್ಣಿನ ಹಾಗೆ ಗುಂಡಿ ಬೀಳುತ್ತದೆ. ಪ್ಯಾನೆಲ್ ಬಿಚ್ಚಿ ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಪ್ರತಿ ಸಲ ಹೊಸ ಬಟ್ಟೆಯಿಂದ. ಆಮೇಲೆ 600 ನಂಬರಿನ ಸ್ಯಾಂಡ್‌ಪೇಪರಿನಲ್ಲಿ ಹೊಳಪು ಹೋಗುವಷ್ಟು ತಿಕ್ಕಿದರೆ ಸಾಕು. ಪ್ಯಾನೆಲ್ಲಿನ ಬೆನ್ನಲ್ಲಿ ಸಣ್ಣ ಅಕ್ಷರ ಇರುತ್ತದೆ. ಪಿಪಿ ಅಂತಿದ್ದರೆ ಪಾಲಿಪ್ರೊಪಿಲೀನ್, ಅದಕ್ಕೆ ಬಣ್ಣ ಅಂಟುವುದೇ ಕಷ್ಟ, ಪ್ಲಾಸ್ಟಿಕ್ ಪ್ರೈಮರ್ ಒಂದು ಕೈ ಕೊಡಲೇಬೇಕು. ಎಬಿಎಸ್ ಅಂತಿದ್ದರೆ ಅದು ಬೇರೊಂದು ಬಗೆಯ ಪ್ಲಾಸ್ಟಿಕ್, ಅಷ್ಟು ಕಷ್ಟ ಇಲ್ಲ, ಆದರೆ ತಿನ್ನರಿನಲ್ಲಿ ಉಜ್ಜಿದರೆ ಕರಗುತ್ತದೆ. ಒಂದೇ ಸಲ ದಪ್ಪಗೆ ಹೊಡೆಯುವ ಬದಲು ತೆಳ್ಳಗೆ ಮೂರು ಕೈ, ನಡುವೆ ಹತ್ತು ಹದಿನೈದು ನಿಮಿಷ ಬಿಟ್ಟು. ಜೂನ್ ಜುಲೈಯಲ್ಲಿ ಮಾತ್ರ ಬೇಡವೇ ಬೇಡ, ಗಾಳಿಯ ತೇವಕ್ಕೆ ಬಣ್ಣ ಬೆಳ್ಳಗೆ ಮಬ್ಬು ಹಿಡಿಯುತ್ತದೆ. ಡ್ಯಾಶ್‌ಬೋರ್ಡಿನ ಮೇಲ್ಭಾಗಕ್ಕೆ ಮ್ಯಾಟ್ ಬಣ್ಣವೇ ಆಗಬೇಕು. ಹೊಳೆಯುವ ಬಣ್ಣ ಹೊಡೆದು ಮಧ್ಯಾಹ್ನ ಕುಂಬಳೆ ಕಡೆ ಹೈವೇಯಲ್ಲಿ ಹೋಗಿ ನೋಡಿ, ಎದುರಿನ ಗಾಜಿನಲ್ಲಿ ಡ್ಯಾಶ್‌ಬೋರ್ಡೇ ಕಾಣುತ್ತದೆ.

ಸ್ಪ್ರೇ ಮಾರುವ ಅಂಗಡಿಯವರಲ್ಲೂ ಬಣ್ಣದ ಕೆಲಸದವರಲ್ಲೂ ನನ್ನದು ಒಂದೇ ಕೋರಿಕೆ. ಗಿರಾಕಿ ಎಷ್ಟು ಒತ್ತಾಯ ಮಾಡಿದರೂ ಏರ್‌ಬ್ಯಾಗಿನ ಜಾಗಕ್ಕೆ ಆಗುವುದಿಲ್ಲ ಅಂತ ಹೇಳಿ. ಡಬ್ಬಿಯ ಮೇಲಿನ ಎಚ್ಚರಿಕೆ ಇಂಗ್ಲಿಷಿನಲ್ಲಿ ಇರುವುದರಿಂದ ಎಷ್ಟೋ ಮಂದಿ ಓದುವುದಿಲ್ಲ, ಅಂಗಡಿಯಲ್ಲಿ ಕನ್ನಡ, ಮಲಯಾಳಂ ಎರಡರಲ್ಲೂ ಒಂದು ಚೀಟಿ ಅಂಟಿಸಿದರೂ ಆದೀತು. ಭಾವನ ಕಾರಿನ ಆ ಭಾಗವನ್ನು ಪೂರ್ತಿ ಬದಲಾಯಿಸಲು ಹೇಳಿದ್ದೇವೆ. ಅದು ಬರುವವರೆಗೆ ಅಕ್ಕ ಹಿಂದಿನ ಸೀಟಿನಲ್ಲೇ ಕೂರುತ್ತಿದ್ದಾಳೆ.

— ಓರ್ವ ಓದುಗ, ಬದಿಯಡ್ಕ